ಹೆಸರಿನ ತುದಿಯ ಸಾಕ್ಷಿ

ಇಂಗ್ಲಿಷನ್ನು ಶಾಲೆಯಲ್ಲಿ ಓದಿದವರಿಗೆ ‘ಸಫಿಕ್ಸ್’ ಎಂಬ ಮಾತು ನೆನಪಿನಲ್ಲಿ ಉಳಿದಿರಬೇಕು. ಶಬ್ದದ ಕೊನೆಗೆ ಅಂಟಿಕೊಂಡು ಅದರ ಅರ್ಥವನ್ನು ತಿರುಗಿಸುವ ಸಣ್ಣ ತುಂಡಿಗೆ ಆ ಹೆಸರು. ನಮ್ಮ ವೈಯಾಕರಣರು ಅದನ್ನು ಪ್ರತ್ಯಯವೆಂದು ಕರೆದರು. 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ತದ್ಧಿತ ಪ್ರತ್ಯಯಗಳಿಗೆ ಒಂದು ಪ್ರಕರಣವನ್ನೇ ಮೀಸಲಾಗಿಟ್ಟಿದ್ದಾನೆ. ವ್ಯಾಕರಣವೆಂದೊಡನೆ ಕೇಳುವವರಿಗೆ ನಿದ್ರೆ ಬರುವುದೆಂಬುದನ್ನು ನಾವು ಬಲ್ಲೆವು. ಆದರೆ ಈ ಸಣ್ಣ ತುಂಡುಗಳು ಪುಸ್ತಕದಲ್ಲಿ ಮಾತ್ರ ಇರುವುವಲ್ಲ. ಊರುಗಳ ಹೆಸರಿನಲ್ಲಿಯೂ ಮನೆತನಗಳ ಹೆಸರಿನಲ್ಲಿಯೂ ಕುಳಿತಿವೆ. ಬೆಳಗಾವಿ ಮತ್ತು ಖಾನಾಪುರದ ಕಡೆಯಲ್ಲಿ ಅವುಗಳ ವಿಷಯದಲ್ಲಿ ಜಗಳವೂ ನಡೆದಿದೆ. ಆದುದರಿಂದ ಇಂಗ್ಲಿಷಿನಿಂದ ಆರಂಭಿಸಿ, ಬೆಳಗಾವಿಯ ಸೀಮೆಗೆ ಬಂದು, ಪ್ರತ್ಯಯಗಳು ನಮಗೆ ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ವಿಚಾರಿಸೋಣ.

ಇಂಗ್ಲಿಷಿನ ಅತ್ಯಂತ ಪರಿಚಿತವಾದ ಪ್ರತ್ಯಯವೆಂದರೆ ‘ಎರ್’. ‘ಟೀಚ್’ ಎಂದರೆ ಕಲಿಸು, ‘ಟೀಚರ್’ ಎಂದರೆ ಕಲಿಸುವವನು. ಕೆಲಸ ಮಾಡುವವನನ್ನು ಅದು ಸೂಚಿಸುತ್ತದೆ. ಕನ್ನಡದಲ್ಲಿ ಈ ಕೆಲಸಕ್ಕೆ ‘ಇಗ’ ಇದೆ, ‘ಗಾರ’ ಇದೆ: ಗಾಣಿಗ, ಹೂವಾಡಿಗ, ಬಳೆಗಾರ, ಮೋಸಗಾರ. ‘ನೆಸ್’ ಎಂಬುದು ಗುಣವನ್ನು ಹೇಳುತ್ತದೆ. ನಮ್ಮ ‘ತನ’ವೂ ಹಾಗೆಯೇ: ಬಡತನ, ದೊಡ್ಡತನ, ಕಳ್ಳತನ. ‘ಲೆಸ್’ ಎಂದರೆ ಇಲ್ಲದ್ದು, ‘ಏಬಲ್’ ಎಂದರೆ ತಕ್ಕದ್ದು, ‘ಇಸಮ್’ ಎಂದರೆ ಒಂದು ಮತ ಅಥವಾ ವಾದ. ಇಷ್ಟನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯು ನಿಘಂಟನ್ನು ತೆರೆಯದೆ ನೂರಾರು ಶಬ್ದಗಳ ಅರ್ಥವನ್ನು ಊಹಿಸಬಲ್ಲನು.

ಆದರೆ ಊಹೆಗೆ ಒಂದು ಮಿತಿಯುಂಟು. ‘ಕುಕ್’ ಎಂದರೆ ಅಡಿಗೆ ಮಾಡುವವನು. ಹಾಗಾದರೆ ‘ಕುಕ್ಕರ್’ ಎಂದರೆ ಯಾರು? ಅದು ಯಾರೂ ಅಲ್ಲ, ಒಲೆಯ ಮೇಲಿನ ಪಾತ್ರೆ! ಇನ್ನು ‘ಬಟರ್’ ಎಂಬ ಶಬ್ದದ ಕೊನೆಯಲ್ಲಿ ‘ಎರ್’ ಕೇಳಿಬರುತ್ತದೆ. ಅಲ್ಲಿ ಕೆಲಸ ಮಾಡುವವನೂ ಇಲ್ಲ, ಕೆಲಸವೂ ಇಲ್ಲ, ಬರಿಯ ಬೆಣ್ಣೆಯಿದೆ. ಆ ‘ಎರ್’ ಪ್ರತ್ಯಯವೇ ಅಲ್ಲ. ಎಂದರೆ, ಪ್ರತ್ಯಯದ ಸಾಮಾನ್ಯಾರ್ಥವನ್ನು ತಿಳಿದಷ್ಟರಿಂದಲೇ ಶಬ್ದದ ವಿಷಯದಲ್ಲಿ ತೀರ್ಪು ಕೊಡಲು ಬಾರದು. ಒಂದೊಂದು ಶಬ್ದದ ಚರಿತ್ರೆಯನ್ನೂ ಬೇರೆಯಾಗಿ ಕೇಳಬೇಕು. ಈ ಎಚ್ಚರಿಕೆಯು ಮುಂದೆ ನಮಗೆ ಬಹಳ ಬೇಕಾಗುವುದು.

ಎರಡನೆಯ ಸಂಗತಿ. ಇಂದು ಪ್ರತ್ಯಯವಾಗಿ ಕಾಣುವ ಎಷ್ಟೋ ತುಂಡುಗಳು ಒಂದು ಕಾಲಕ್ಕೆ ಸ್ವತಂತ್ರ ಶಬ್ದಗಳಾಗಿದ್ದುವು. ‘ಫ್ರೆಂಡ್ಲಿ’ ಎಂಬುದರ ‘ಲಿ’ಯು ಹಳೆಯ ಇಂಗ್ಲಿಷಿನಲ್ಲಿ ‘ಶರೀರ, ರೂಪ’ ಎಂಬ ಅರ್ಥದ ಶಬ್ದದಿಂದ ಬಂದುದು. ‘ಕಿಂಗ್‌ಡಮ್’ ಎಂಬುದರ ‘ಡಮ್’ ಹಿಂದೆ ‘ತೀರ್ಪು, ಅಧಿಕಾರ’ ಎಂಬ ಪೂರ್ಣ ಶಬ್ದವಾಗಿದ್ದಿತು. ಹೊಳೆಯ ಕಲ್ಲು ಉರುಳಿ ಉರುಳಿ ನುಣುಪಾಗುವಂತೆ ಶಬ್ದವು ಸವೆದು ಪ್ರತ್ಯಯವಾಗುತ್ತದೆ.

ಮೂರನೆಯದು ಇನ್ನೂ ಸ್ವಾರಸ್ಯವಾದುದು. ಪ್ರತ್ಯಯಗಳಿಗೆ ಜಾತಿ ಕಟ್ಟಿಲ್ಲ. ‘ಏಬಲ್’ ಎಂಬುದು ಲ್ಯಾಟಿನಿನಿಂದ ಫ್ರೆಂಚಿನ ಮೂಲಕ ಬಂದುದು. ಆದರೆ ಅದು ‘ರೀಡ್’, ‘ಡ್ರಿಂಕ್’ ಎಂಬ ಅಪ್ಪಟ ಇಂಗ್ಲಿಷ್ ಧಾತುಗಳಿಗೆ ಹತ್ತಿಕೊಂಡು ‘ರೀಡಬಲ್’, ‘ಡ್ರಿಂಕಬಲ್’ ಎಂದಾಗಿದೆ. ನಮ್ಮಲ್ಲಿಯೂ ಹಾಗೆಯೇ. ‘ಪಾಲು’ ಕನ್ನಡ, ‘ದಾರ’ ಪಾರಸಿ. ಎರಡೂ ಕೂಡಿ ‘ಪಾಲುದಾರ’. ‘ಖೋರ’ ಎಂದರೆ ಪಾರಸಿಯಲ್ಲಿ ತಿನ್ನುವವನು. ಕನ್ನಡಿಗನೂ ಲಂಚವನ್ನು ‘ತಿನ್ನು’ತ್ತಾನಲ್ಲದೆ ಬರಿದೆ ತೆಗೆದುಕೊಳ್ಳುವುದಿಲ್ಲ, ಆದಕಾರಣ ‘ಲಂಚಕೋರ’ ಎಂಬ ಶಬ್ದವು ಹುಟ್ಟಿದಾಗ ಅದು ಪರಕೀಯವೆಂದು ಯಾರಿಗೂ ತೋರಿರಲಾರದು. ಹೀಗೆ ಒಂದು ಭಾಷೆಯ ತಲೆಗೆ ಇನ್ನೊಂದು ಭಾಷೆಯ ಬಾಲ ಸೇರುವುದು ಭಾಷೆಯ ದೋಷವಲ್ಲ. ಎರಡು ಜನ ಒಂದೇ ಪೇಟೆಯಲ್ಲಿ, ಒಂದೇ ಕಚೇರಿಯಲ್ಲಿ, ಒಂದೇ ಹೊಲದ ಬದುವಿನ ಮೇಲೆ ಕೂಡಿ ಬಾಳಿದ್ದರ ಗುರುತು ಅದು.

ಈ ಮೂರು ಸಂಗತಿಗಳನ್ನು ಕೈಯಲ್ಲಿ ಹಿಡಿದುಕೊಂಡು ಊರುಗಳ ಹೆಸರಿಗೆ ಬರೋಣ. ಇಂಗ್ಲೆಂಡಿನ ಊರುಗಳ ಹೆಸರಿನ ಕೊನೆಯನ್ನು ನೋಡಿದರೆ ಆ ದೇಶದ ಚರಿತ್ರೆಯು ಪದರಪದರವಾಗಿ ಕಾಣುತ್ತದೆ. ಮ್ಯಾಂಚೆಸ್ಟರ್, ವಿಂಚೆಸ್ಟರ್ ಎಂಬಲ್ಲಿಯ ‘ಚೆಸ್ಟರ್’ ಲ್ಯಾಟಿನಿನ ದಂಡಿನ ಪಾಳೆಯ. ರೋಮನರು 5ನೆಯ ಶತಮಾನದ ಆರಂಭದಲ್ಲಿ ಆ ದ್ವೀಪವನ್ನು ಬಿಟ್ಟುಹೋದರು. ಅವರ ಪಾಳೆಯವು ಹೆಸರಿನಲ್ಲಿ ಉಳಿದುಕೊಂಡಿತು. ಬೋಲ್ಟನ್, ಪ್ರೆಸ್ಟನ್ ಎಂಬಲ್ಲಿಯ ‘ಟನ್’ ಆಂಗ್ಲರದು. ಅದರ ಮೊದಲ ಅರ್ಥ ಬೇಲಿ ಹಾಕಿದ ಸ್ಥಳ, ಆಮೇಲೆ ಹಳ್ಳಿ. ಪ್ರೆಸ್ಟನ್ ಎಂದರೆ ಪಾದ್ರಿಗಳ ಊರು. ನಮ್ಮ ಅಗ್ರಹಾರಕ್ಕೆ ಹತ್ತಿರವಾದುದು. ವಿಟ್‌ಬಿ, ಗ್ರಿಮ್ಸ್‌ಬಿ, ಡರ್ಬಿ ಎಂಬಲ್ಲಿಯ ‘ಬಿ’ಯು 9ನೆಯ ಶತಮಾನದಲ್ಲಿ ಸಮುದ್ರ ದಾಟಿ ಬಂದ ಡೇನರ ಮಾತು, ಅವರ ಭಾಷೆಯಲ್ಲಿ ಅದಕ್ಕೆ ಒಕ್ಕಲು ಅಥವಾ ಊರು ಎಂದು ಅರ್ಥ. ಡರ್ಬಿ ಎಂಬ ಊರಿಗೆ ಹಿಂದೆ ಆಂಗ್ಲರ ಬೇರೊಂದು ಹೆಸರೇ ಇದ್ದಿತು; ಡೇನರು ಬಂದು ಅದನ್ನು ಬದಲಿಸಿದರು. ನಮ್ಮ ಸಹಕಾರಿ ಸಂಘಗಳಲ್ಲಿ ‘ಬೈಲಾ’ ಎಂಬ ಮಾತು ದಿನಬಳಕೆಯದು. ಅದರ ‘ಬೈ’ಯೂ ಇದೇ ಡೇನರ ‘ಊರು’ ಎಂದು ಶಬ್ದಜ್ಞರು ಅಭಿಪ್ರಾಯಪಡುತ್ತಾರೆ: ಬೈಲಾ ಎಂದರೆ ಊರ ಕಟ್ಟಳೆ.

ಇಷ್ಟಾದರೂ, ಡರ್ಬಿಯ ಕೊನೆಯಲ್ಲಿ ‘ಬಿ’ ಇದೆಯೆಂದು ಡೆನ್ಮಾರ್ಕಿನವರು ಇಂದು ಆ ಊರನ್ನು ಕೇಳುವುದಿಲ್ಲ. ಮ್ಯಾಂಚೆಸ್ಟರನ್ನು ಇಟಲಿಗೆ ಒಪ್ಪಿಸಬೇಕೆಂದು ಯಾರೂ ಹೇಳುವುದಿಲ್ಲ. ಹಾಗೆಂದು ಡೇನರು ಎಂದೂ ಬಂದೇ ಇರಲಿಲ್ಲವೆಂದು ಇಂಗ್ಲಿಷರು ಸಾಧಿಸಹೊರಡುವುದೂ ಇಲ್ಲ. ಹೆಸರನ್ನು ಚರಿತ್ರೆಯ ಸಾಕ್ಷಿಯೆಂದು ಓದುತ್ತಾರೆ. ಆಸ್ತಿಯ ಪತ್ರವೆಂದು ಓದುವುದಿಲ್ಲ.

ಈಗ ಬೆಳಗಾವಿಗೆ ಬರೋಣ. ಶಾಸನಗಳಲ್ಲಿ ಈ ಊರಿಗೆ ವೇಣುಗ್ರಾಮ, ವೇಳುಗ್ರಾಮ ಎಂಬ ಹೆಸರುಗಳಿವೆ. ವೇಣು ಎಂದರೆ ಬಿದಿರು. ಪ್ರಾಕೃತದಲ್ಲಿ ಅದೇ ವೇಳು. ಗ್ರಾಮ ಎಂಬುದು ಸವೆದು ಕನ್ನಡಿಗರ ಬಾಯಲ್ಲಿ ಗಾವೆ, ಗಾವಿ ಎಂದಾಯಿತು. ಶಿಕಾರಿಪುರದ ಸೀಮೆಯ ಬಳ್ಳಿಗಾವೆಯಲ್ಲಿಯೂ ಇದೇ ಗಾವೆಯಿದೆ. ಅದೇ ಗ್ರಾಮವು ಮರಾಠಿಗರ ಬಾಯಲ್ಲಿ ಗಾಂವ ಎಂದಾಯಿತು. ಇಂಗ್ಲಿಷ್ ಅಧಿಕಾರಿಗಳು ಅದನ್ನು ಕೇಳಿ ಬರೆದುಕೊಂಡಾಗ ‘ಬೆಲ್ಗಾಮ್’ ಆಯಿತು. 2014ರ ನವೆಂಬರ್ 1ರಿಂದ ಸರಕಾರದ ದಫ್ತರಿನಲ್ಲಿ ‘ಬೆಳಗಾವಿ’ ಎಂಬ ರೂಪವು ಸ್ಥಿರವಾಯಿತು. ಆಗ ಕೆಲವರು ಗೆದ್ದೆವೆಂದರು, ಕೆಲವರು ಸೋತೆವೆಂದರು. ಕನ್ನಡಿಗರು ತಲೆತಲಾಂತರದಿಂದ ಆಡುತ್ತ ಬಂದ ರೂಪವು ದಫ್ತರಿಗೆ ಏರಿದುದು ನ್ಯಾಯವೇ ಆಯಿತು. ಆದರೆ ಶಬ್ದವನ್ನು ಬಿಡಿಸಿ ನೋಡಿದರೆ ಸೋತವರು ಯಾರೂ ಇಲ್ಲ. ಗಾವಿ, ಗಾಂವ ಎರಡೂ ಒಂದೇ ತಾಯಿಯ ಮಕ್ಕಳು. ನಗರದೊಳಗಿನ ವಡಗಾವಿ, ಮಜಗಾವಿಗಳನ್ನು ಪಕ್ಕದ ಮನೆಯವರು ವಡಗಾಂವ, ಮಜಗಾಂವ ಎಂದರೆ ಅದು ಬೇರೆ ಊರಾಗುವುದಿಲ್ಲ.

ಅದೇ ನಗರದ ಶಹಾಪುರವನ್ನು ನೋಡಿ. ಮೊದಲರ್ಧ ಪಾರಸಿಯ ‘ಶಹಾ’. ಉತ್ತರಾರ್ಧ ಸಂಸ್ಕೃತದ ‘ಪುರ’. ಆ ಪೇಟೆಯು ಸ್ವಾತಂತ್ರ್ಯದ ಕಾಲದ ವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಟಿಳಕವಾಡಿಯಲ್ಲಿ ಲೋಕಮಾನ್ಯ ಟಿಳಕರ ಹೆಸರಿಗೆ ‘ವಾಡಿ’ ಎಂಬ ಹಳೆಯ ಬಾಲವನ್ನು ಜೋಡಿಸಿದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನವು ನಡೆದಾಗ ಅಲ್ಲಿಯ ಅಧಿವೇಶನ ಸ್ಥಳಕ್ಕೆ ‘ವಿಜಯನಗರ’ವೆಂದು ಹೆಸರಿಟ್ಟರು. ಇನ್ನು ದಂಡು ಇಳಿದ ಭಾಗವನ್ನು ಊರವರು ಇಂದಿಗೂ ‘ಕ್ಯಾಂಪ್’ ಎನ್ನುತ್ತಾರೆ. ರೋಮನರ ಪಾಳೆಯವು ‘ಚೆಸ್ಟರ್’ ಆದಂತೆ. ಒಂದೇ ಊರಿನಲ್ಲಿ ಗಾವಿ, ಪುರ, ವಾಡಿ, ಕ್ಯಾಂಪ್! ಯಾರು ಯಾರು ಬಂದರು, ಯಾರು ಯಾರು ನಿಂತರು ಎಂಬುದಕ್ಕೆ ಇದಕ್ಕಿಂತ ಚಿಕ್ಕ ಚರಿತ್ರೆ ಪುಸ್ತಕವು ಬೇಕೆ?

ಬೆಳಗಾವಿಯಿಂದ ದಕ್ಷಿಣಕ್ಕೆ ಖಾನಾಪುರ ತಾಲೂಕಿಗೆ ಇಳಿದರೆ ಕಾಡು, ಹೊಳೆ, ಕೆರೆಗಳ ಸೀಮೆ. ಇದರ ಪಶ್ಚಿಮದ ಮಲೆನಾಡಿನಲ್ಲಿ ಮರಾಠಿ ಮಾತು ಹೆಚ್ಚು. ಪೂರ್ವದ ಬಯಲಿನಲ್ಲಿ ಕನ್ನಡ ಹೆಚ್ಚು. ಊರ ಹೆಸರುಗಳು ಮಾತ್ರ ಈ ಗೆರೆಯನ್ನು ಲೆಕ್ಕಿಸುವುದಿಲ್ಲ. ರೈಲು ಹಾದಿಯ ಮೇಲಿನ ತಾವರಗಟ್ಟಿ ಎಂಬುದರಲ್ಲಿ ತಾವರೆಯೂ ಕಟ್ಟೆಯೂ ಇವೆ. ತೋಪಿನಕಟ್ಟಿಯಲ್ಲಿ ತೋಪೂ ಕಟ್ಟೆಯೂ ಇವೆ. ಈ ಸೀಮೆಯ ಕನ್ನಡದಲ್ಲಿ ಮನೆಯು ಮನಿ, ಕಟ್ಟೆಯು ಕಟ್ಟಿ, ಹೊಳೆಯು ಹೊಳಿ. ಹಿರೇಹಟ್ಟಿಹೊಳಿ ಎಂಬ ಹೆಸರಿನಲ್ಲಿ ದನಕರುಗಳ ಹಟ್ಟಿಯೂ ಹೊಳೆಯೂ ಕೂಡಿ ನಿಂತಿವೆ. ಲಿಂಗನಮಠಕ್ಕೆ ವ್ಯಾಖ್ಯಾನ ಬೇಡ. ಬೆಳಗಾವಿಯ ಮಗ್ಗುಲಿನ ಬೆನಕನಹಳ್ಳಿಯಲ್ಲಿ ಬೆನಕನಿದ್ದಾನೆ, ಗಡಿಯ ಅಂಚಿನ ಕುದ್ರೆಮನಿಯಲ್ಲಿ ಕುದುರೆಯೂ ಮನೆಯೂ ಇವೆ. ಈ ಎರಡೂ ಊರುಗಳಲ್ಲಿ ಮರಾಠಿಯನ್ನು ಮನೆಮಾತಾಗಿ ಆಡುವವರು ಬಹಳ ಮಂದಿ. ಅವರು ದಿನವೂ ತಮ್ಮ ಊರ ಹೆಸರನ್ನು ಹೇಳುವಾಗ ಕನ್ನಡವನ್ನು ಆಡುತ್ತಾರೆ.

ಇದನ್ನು ಕೇಳಿ ಕನ್ನಡಿಗ ಶ್ರೋತೃಗಳಿಗೆ ಸಂತೋಷವಾಗಬಹುದು. ಆದರೆ ಸ್ವಲ್ಪ ತಾಳಬೇಕು. ‘ವಾಡ’, ‘ವಾಡಿ’ ಎಂಬ ಕೊನೆಯುಳ್ಳ ಊರುಗಳೆಲ್ಲ ಮರಾಠಿಯವು ಎಂದು ಒಂದು ಪಕ್ಷದವರು ಹೇಳುವುದುಂಟು. ಹಾಗಾದರೆ ಕನ್ನಡದ ತವರೆನಿಸಿದ ಧಾರವಾಡವು ಏನಾಗಬೇಕು? ಬಸವಣ್ಣನವರು ಹುಟ್ಟಿದ ಬಾಗೇವಾಡಿ ಏನಾಗಬೇಕು? ಆಂಧ್ರದ ವಿಜಯವಾಡ, ಗುಜರಾತದ ಕಾಠಿಯಾವಾಡ ಏನಾಗಬೇಕು? ಸಂಸ್ಕೃತದ ‘ವಾಟ’ ಎಂದರೆ ಬೇಲಿ ಹಾಕಿದ ಸ್ಥಳ. ಇಂಗ್ಲಿಷಿನ ‘ಟನ್’ ಮೊದಲು ಯಾವ ಅರ್ಥವನ್ನು ಕೊಡುತ್ತಿತ್ತೋ ಅದೇ. ಅದು ಹಲವು ಭಾಷೆಗಳಿಗೆ ಸಮಾನವಾದ ಆಸ್ತಿ. ಇದೇ ನ್ಯಾಯವು ನಮಗೂ ಅನ್ವಯಿಸಬೇಕು. ‘ಊರು’ ಎಂಬುದು ನಮ್ಮ ಮಾತು. ಸವದತ್ತಿ ಮತ್ತು ಬೆಳಗಾವಿಗಳಿಂದ ಆಳಿದ ರಟ್ಟರು ತಮ್ಮನ್ನು ಲತ್ತಲೂರು ಪುರವರಾಧೀಶ್ವರರೆಂದು ಶಾಸನಗಳಲ್ಲಿ ಹೇಳಿಕೊಂಡರು. ಆ ಲತ್ತಲೂರನ್ನು ಇಂದಿನ ಮಹಾರಾಷ್ಟ್ರದ ಲಾತೂರು ಎಂದು ಇತಿಹಾಸಜ್ಞರು ಗುರುತಿಸಿದ್ದಾರೆ. ಹೆಸರಿನ ಕೊನೆಯಲ್ಲಿ ಊರು ಇದೆ. ಅಲ್ಲಿ ಒಂದು ಕಾಲಕ್ಕೆ ಕನ್ನಡದ ಉಸಿರಾಡಿತ್ತೆಂಬುದಕ್ಕೆ ಅದು ಸಾಕ್ಷಿ. ಇಂದು ಅಲ್ಲಿಯ ಜನ ಮರಾಠಿಗರು. ಅದೂ ಅಷ್ಟೇ ನಿಜ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂಬಾ ಜೋಶಿಯವರು ಮಹಾರಾಷ್ಟ್ರದ ಊರ ಹೆಸರುಗಳಲ್ಲಿ ಕನ್ನಡವನ್ನು ಹುಡುಕಿ ದೊಡ್ಡ ಕೆಲಸ ಮಾಡಿದರು. ಅವರ ಎಲ್ಲ ನಿರ್ಣಯಗಳನ್ನು ಒಪ್ಪದವರೂ ಆ ಶೋಧನೆಯ ಬೆಲೆಯನ್ನು ಒಪ್ಪುತ್ತಾರೆ. ಆ ಬಗೆಯ ಕೆಲಸಕ್ಕೆ ಬೇಕಾದುದು ಅಭಿಮಾನದೊಂದಿಗೆ ಸಂಯಮ. ಏಕೆಂದರೆ, ‘ಬಟರ್’ ಎಂಬಲ್ಲಿ ‘ಎರ್’ ಕೇಳಿಸುವಂತೆ ಊರ ಹೆಸರಿನಲ್ಲಿಯೂ ಇಲ್ಲದ ಪ್ರತ್ಯಯವು ಕೇಳಿಸುವುದುಂಟು. ಸವದತ್ತಿಯ ಕೊನೆಯಲ್ಲಿ ‘ದತ್ತಿ’ಯನ್ನು ಕಂಡು, ಯಾರೋ ಅರಸನು ದತ್ತಿಯಾಗಿ ಬಿಟ್ಟ ಊರು ಎಂದು ಹೇಳಿಬಿಡುವುದು ಸುಲಭ. ಶಾಸನವನ್ನು ತೆರೆದರೆ ಅಲ್ಲಿರುವ ಹೆಸರು ಸುಗಂಧವರ್ತಿ; ದತ್ತಿಯ ಮಾತೇ ಇಲ್ಲ! ಖಾನಾಪುರ ತಾಲೂಕಿನ ಹಲಸಿ ಎಂಬ ಹೆಸರನ್ನು ಕೇಳಿ ಹಲಸಿನ ಹಣ್ಣನ್ನು ನೆನೆಯುವುದೂ ಸುಲಭ. ಆದರೆ ಕದಂಬರ ತಾಮ್ರಪಟಗಳಲ್ಲಿ ಅದು ಪಲಾಶಿಕಾ; ಮುಂದೆ ಪಲಸಿಗೆ, ಆಮೇಲೆ ಹಲಸಿಗೆ, ಈಗ ಹಲಸಿ. ಹಳಗನ್ನಡದ ಪಕಾರವು ಹಕಾರವಾದುದನ್ನು ಬಲ್ಲವರಿಗೆ ಈ ದಾರಿಯು ಸ್ಪಷ್ಟವಾಗಿದೆ. ಪಳ್ಳಿಯು ಹಳ್ಳಿಯಾಯಿತು, ಪಟ್ಟಿಯು ಹಟ್ಟಿಯಾಯಿತು, ಪಲಸಿಗೆಯು ಹಲಸಿಗೆಯಾಯಿತು. ಹಳೆಯ ರೂಪವನ್ನು ನೋಡದೆ ಹೊಸ ರೂಪವನ್ನು ಒಡೆಯತಕ್ಕದ್ದಲ್ಲ.

ಮನುಷ್ಯರ ಹೆಸರಿನಲ್ಲಿಯೂ ಇದೇ ಪಾಠವಿದೆ. ಉತ್ತರ ಕರ್ನಾಟಕದ ಮನೆತನಗಳ ಹೆಸರಿಗೆ ಎರಡು ಬಾಲಗಳು ಸಾಮಾನ್ಯ. ಒಂದು ‘ನವರ’: ಚನ್ನಪ್ಪನವರ ಎಂದರೆ ಚನ್ನಪ್ಪನ ಮನೆಯವರು, ಅದು ಹಿರಿಯನನ್ನು ನೆನೆಯುತ್ತದೆ. ಇನ್ನೊಂದು ‘ಕರ’: ಅದು ಮರಾಠಿಯ ಪದ್ಧತಿ, ಊರನ್ನು ನೆನೆಯುತ್ತದೆ. ಕರ್ನಾಟಕದ ಏಕೀಕರಣಕ್ಕಾಗಿ ದುಡಿದವರಲ್ಲಿ ಹುಕ್ಕೇರಿಕರರು ಒಬ್ಬರು. ಹುಕ್ಕೇರಿಯನ್ನು ಹೂವಿನ ಕೇರಿ ಎಂದು ಹೇಳುವುದುಂಟು. ಅದರ ತುದಿಗೆ ಮರಾಠಿಯ ‘ಕರ’ ಹತ್ತಿದೆ. ಆ ಎರಡಕ್ಷರದಿಂದ ಅವರ ಕನ್ನಡತನಕ್ಕೆ ಯಾವ ಕುಂದೂ ಬರಲಿಲ್ಲ. ಕೊನೆಯ ಅಕ್ಷರವನ್ನು ಕೇಳಿ ಮನುಷ್ಯನ ನಿಷ್ಠೆಯನ್ನು ಅಳೆಯುವವರು ‘ಕುಕ್ಕರ್’ ಎಂದರೆ ಅಡಿಗೆಯವನು ಎಂದು ತಿಳಿಯುವ ಹುಡುಗನಿಗಿಂತ ಹೆಚ್ಚೇನೂ ಕಲಿತವರಲ್ಲ.

ಇದು ಬರಿಯ ವಿನೋದದ ಮಾತಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿಯು ಮೈಸೂರು ರಾಜ್ಯಕ್ಕೆ ಬಂದಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿ ಕೊಟ್ಟು ಬೆಳಗಾವಿಯು ಅಲ್ಲಿಯೇ ಇರತಕ್ಕದ್ದೆಂದಿತು. ಮಹಾರಾಷ್ಟ್ರವು ಅದನ್ನು ಒಪ್ಪದೆ 2004ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ನಡುನಡುವೆ ಬೀದಿಯಲ್ಲಿ ಕಲ್ಲು ಬಿದ್ದಿದೆ, ಲಾಠಿ ಬಿದ್ದಿದೆ. 2014ರಲ್ಲಿ ಬೆಳಗಾವಿಯ ನೆರೆಯ ಯಳ್ಳೂರಿನಲ್ಲಿ, ಊರ ಹೆಸರಿನ ಹಿಂದೆ ‘ಮಹಾರಾಷ್ಟ್ರ ರಾಜ್ಯ’ ಎಂದು ಬರೆದಿದ್ದ ಫಲಕವನ್ನು ತೆಗೆದಾಗ ಗಲಭೆಯಾಯಿತು. ಫಲಕದ ಮೊದಲ ಮಾತುಗಳಿಗಾಗಿ ಇಷ್ಟು ಹೋರಾಟ ನಡೆಯುತ್ತಿದ್ದಾಗ ಕೊನೆಯ ಮಾತನ್ನು ಗಮನಿಸಿದವರು ಎಷ್ಟು ಮಂದಿ? ಅಲ್ಲಿ ‘ಊರು’ ಇದ್ದಿತು. ಆ ಶಬ್ದವು ಯಾವ ರಾಜ್ಯದ ಪರವಾಗಿಯೂ ವಾದಿಸುತ್ತಿರಲಿಲ್ಲ. ಇಲ್ಲಿ ಹಿಂದೆ ಕನ್ನಡವನ್ನಾಡುವವರು ನೆಲೆಗೊಂಡು ಈ ಸ್ಥಳಕ್ಕೆ ಹೆಸರಿಟ್ಟರು, ಮುಂದೆ ಬಂದವರು ಆ ಹೆಸರನ್ನು ಅಳಿಸದೆ ಉಳಿಸಿಕೊಂಡರು ಎಂಬಷ್ಟನ್ನೇ ಹೇಳುತ್ತಿತ್ತು. ಇಟ್ಟವರಿಗೂ ಉಳಿಸಿಕೊಂಡವರಿಗೂ ಅದರಲ್ಲಿ ಸಮಾನವಾದ ಗೌರವವಿದೆ.

ನ್ಯಾಯಾಲಯದಲ್ಲಿ ಸಾಕ್ಷಿಯ ಕೆಲಸ ಬೇರೆ, ನ್ಯಾಯಾಧೀಶನ ಕೆಲಸ ಬೇರೆ. ತಾನು ಕಂಡುದನ್ನು ಹೇಳುವುದು ಸಾಕ್ಷಿಯ ಧರ್ಮ. ಯಾರಿಗೆ ಏನು ಸಲ್ಲಬೇಕೆಂಬುದನ್ನು ಅವನು ಹೇಳಕೂಡದು. ಪ್ರತ್ಯಯವೂ ಒಬ್ಬ ಸಾಕ್ಷಿ, ಅದೂ ಬಹಳ ವೃದ್ಧನಾದ ಸಾಕ್ಷಿ. ಯಾರು ಬಂದರು, ಯಾರು ಹೆಸರಿಟ್ಟರು, ಇಲ್ಲಿ ಕೆರೆಯಿದ್ದಿತೋ, ಹಟ್ಟಿಯಿದ್ದಿತೋ, ಬಿದಿರು ಮೆಳೆಯಿದ್ದಿತೋ ಎಂಬುದನ್ನು ಅವನು ಹೇಳಬಲ್ಲನು. ಇಂದು ಇಲ್ಲಿ ಯಾವ ಶಾಲೆ ಬೇಕು, ಯಾವ ಕಚೇರಿ ಬೇಕು ಎಂಬುದನ್ನು ಇಂದು ಇಲ್ಲಿ ಬಾಳುವ ಜನರನ್ನೇ ಕೇಳಬೇಕು. ವೃದ್ಧ ಸಾಕ್ಷಿಯ ಬಾಯಿಗೆ ನಮ್ಮ ವಾದವನ್ನು ತುರುಕಿದರೆ ಅವನ ಮಾತೂ ಕೆಡುತ್ತದೆ, ನಮ್ಮ ವಾದವೂ ಕೆಡುತ್ತದೆ.

ಆದರೆ ಸಾಕ್ಷಿಯನ್ನು ಉಳಿಸಿಕೊಳ್ಳುವುದು ನಮ್ಮ ಕರ್ತವ್ಯ. ನಾವು ಇಂದು ಬಡಾವಣೆಗಳಿಗೆಲ್ಲ ‘ನಗರ’ ಎಂದೋ ‘ಕಾಲೋನಿ’ ಎಂದೋ ಹೆಸರಿಡುತ್ತೇವೆ. ಆ ಬಡಾವಣೆಯ ಕೆಳಗೆ ಹೂತುಹೋದ ಹೊಲಕ್ಕೂ ಕಟ್ಟೆಗೂ ಒಂದು ಹೆಸರಿದ್ದಿತು; ಅದನ್ನು ಬಲ್ಲ ಹಿರಿಯರು ಊರಿಗೆ ಒಬ್ಬಿಬ್ಬರು ಉಳಿದಿರಬಹುದು. ವಿದ್ಯಾವಂತರಾದವರು ಬಿಡುವು ಮಾಡಿಕೊಂಡು ಅವರ ಬಳಿ ಕುಳಿತು ಮೂರು ಪ್ರಶ್ನೆಗಳನ್ನು ಕೇಳಬೇಕು. ಈ ಹೆಸರನ್ನು ನೀವು ಹೇಗೆ ಉಚ್ಚರಿಸುತ್ತೀರಿ? ನೆರೆಯ ಭಾಷೆಯವರು ಹೇಗೆ ಉಚ್ಚರಿಸುತ್ತಾರೆ? ಹಳೆಯ ಕಾಗದದಲ್ಲಿ, ಗುಡಿಯ ಕಲ್ಲಿನ ಮೇಲೆ ಅದನ್ನು ಹೇಗೆ ಬರೆದಿದೆ? ಉತ್ತರಗಳನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಸಾಕು. ಅರ್ಥ ಹಚ್ಚುವ ಅವಸರ ಬೇಡ. 1894ರಲ್ಲಿ ಹೊರಬಂದ ಕಿಟ್ಟೆಲರ ಕನ್ನಡ ನಿಘಂಟು ಇಂದಿಗೂ ನಮಗೆ ದಾರಿ ತೋರುತ್ತಿರುವುದು ಇಂತಹ ತಾಳ್ಮೆಯ ಸಂಗ್ರಹದ ಬಲದಿಂದಲೇ.

ಖಾನಾಪುರದ ಕನ್ನಡಿಗನೂ ಮರಾಠಿಗನೂ ಕೂಡಿ ಇಂತಹ ಒಂದು ವಹಿಯನ್ನು ಬರೆದರೆಂದು ಭಾವಿಸೋಣ. ಮೊದಲ ಪುಟದಲ್ಲಿಯೇ ಅವರಿಗೆ ತಿಳಿಯುವುದು ಇಷ್ಟು: ಒಬ್ಬನ ಊರಿನ ಹೆಸರು ಇನ್ನೊಬ್ಬನ ಭಾಷೆಯಲ್ಲಿದೆ, ಇನ್ನೊಬ್ಬನ ಮನೆತನದ ಹೆಸರು ಈತನ ಭಾಷೆಯಲ್ಲಿದೆ. ಅದನ್ನು ಕಂಡಮೇಲೂ ಅವರು ಜಗಳವಾಡಬಹುದು. ಆದರೆ ನೀನು ನಿನ್ನೆ ಬಂದವನೆಂದು ಒಬ್ಬರಿಗೊಬ್ಬರು ಹೇಳಲು ಮಾತ್ರ ನಾಲಗೆ ಏಳದು. ವ್ಯಾಕರಣದಿಂದ ಇಷ್ಟು ಉಪಕಾರವಾದರೆ ಅದು ಸಣ್ಣದಲ್ಲ.